ಕುಬಸಕ್ಕೆ ಬಂದ ಐವರು

ಶನಿವಾರ ಸಂಜೆ ಶೇಖವ್ವ ಸ್ಟೂಲ್ ಹತ್ತಿ, ಟ್ಯೂಬ್‌ಲೈಟಿನ ಸ್ಟಾರ್ಟರನ್ನು ಅರ್ಧ ಸುತ್ತು ತಿರುಗಿಸಿ ಸಡಿಲ ಮಾಡಿ ಕೆಳಗಿಳಿದಳು. ದೀಪ ಎರಡು ಸಲ ಕಣ್ಣು ಮಿಟುಕಿಸಿ ಆರಿಹೋಯಿತು. ನಾಳೆ ಭಾನುವಾರ. ಹತ್ತು ಗಂಟೆಗೆ ಸುಬೇದಾರ್ ನೀಲಪ್ಪನವರು ಬರುತ್ತಾರೆ. ಬಂದವರಿಗೆ ರಿಪೇರಿ ಮಾಡಲು ಏನಾದರೊಂದು ಇರಬೇಕಲ್ಲ.

ಶೇಖವ್ವನ ಒಬ್ಬನೇ ಮಗ ಸಿದ್ರಾಮ ಸೈನ್ಯದಲ್ಲಿದ್ದ. ನಾಲ್ಕು ತಿಂಗಳ ಹಿಂದೆ ಗಡಿಯಲ್ಲಿ ಗಸ್ತು ತಿರುಗುವಾಗ ಗುಂಡು ತಗುಲಿ ಹೋದ. ಆಗ ಚಂದಾಪುರದ ಈ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾರ ತಂದವರು, ಮೈಕ್ ತಂದವರು, ಅಳುವ ತಾಯಿಯ ಪಕ್ಕ ನಿಂತು ಕೂದಲು ಸರಿಮಾಡಿಕೊಂಡು ಫೋಟೋ ತೆಗೆಸಿಕೊಂಡವರು, ಎಲ್ಲರೂ ಬಂದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಎಲ್ಲರೂ ಅವರವರ ದಾರಿ ಹಿಡಿದರು. ಉಳಿದವರು ನೀಲಪ್ಪ ಒಬ್ಬರೇ. ಮಾಜಿ ಸೈನಿಕರ ಸಂಘದವರು ಈ ಮನೆಯನ್ನು ಅವರ ಪಾಲಿಗೆ ವಹಿಸಿದ್ದರು. ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಆಫೀಸರ್ ಆಗಿದ್ದ ಅವರಿಗೆ ವಾರಕ್ಕೆ ರಜೆ ಒಂದೇ ದಿನ. ಆ ಒಂದು ದಿನ ಇಲ್ಲಿಗೆ ಮೀಸಲು.

ಕಚೇರಿಗಳ ಕಾಗದಪತ್ರವನ್ನೆಲ್ಲ ಅವರೇ ಓಡಾಡಿ ಮುಗಿಸಿಕೊಟ್ಟರು. ಅದು ಅವರಿಗೆ ನೀರು ಕುಡಿದಷ್ಟು ಸುಲಭ. ಬಾರದೇ ಇದ್ದದ್ದು ಸಮಾಧಾನದ ಮಾತು. ಮೊದಲನೆಯ ಭಾನುವಾರ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೂರು ಸಲ ಗಂಟಲು ಸರಿಮಾಡಿಕೊಂಡು, ಕೊನೆಗೆ "ನಲ್ಲಿ ಸೋರ್ತಾ ಇದೆಯಲ್ಲಮ್ಮ" ಅಂದರು. ಎದ್ದು ಹೋಗಿ ವಾಷರ್ ತಂದು ಹಾಕಿದರು. ಎರಡನೇ ವಾರ ಬಾಗಿಲಿನ ಚಿಲಕ. ಮೂರನೇ ವಾರ ಗ್ಯಾಸ್ ಒಲೆಯ ಪೈಪು. ಎರಡು ತಿಂಗಳಲ್ಲಿ ಆ ಎರಡು ಕೋಣೆಯ ಮನೆಯಲ್ಲಿ ಕೆಟ್ಟದ್ದೇನೂ ಉಳಿಯಲಿಲ್ಲ. ಆ ಭಾನುವಾರ ಪಾಪ, ಮನುಷ್ಯ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ್ದನ್ನು ನೋಡಲಾರದೆ ಶೇಖವ್ವ ಈ ಸ್ಟಾರ್ಟರ್ ಸಡಿಲಿಸುವ ಉಪಾಯ ಹೂಡಿದಳು. ಯಾರು ಯಾರನ್ನು ಸಂತೈಸುತ್ತಿದ್ದರು ಅನ್ನುವುದು ದೇವರಿಗೇ ಗೊತ್ತು.

ಸೊಸೆ ಮಹಾದೇವಿ ಏಳು ತಿಂಗಳ ಬಸುರಿ. ಶೇಖವ್ವನ ತಲೆಯಲ್ಲಿ ಈಗ ಕೂತಿದ್ದದ್ದು ಒಂದೇ ಒಂದು ವಿಚಾರ: ಕುಬಸ. ಬಾಗಲಕೋಟೆ ಕಡೆಯ ಅವಳ ಊರಿನಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡದೆ ಬಿಟ್ಟವರಿಲ್ಲ. ಹಸಿರು ಸೀರೆ ಉಡಿಸಿ, ಎರಡು ಕೈ ತುಂಬ ಹಸಿರು ಬಳೆ ಇಡಿಸಿ, ಐದು ಮಂದಿ ಮುತ್ತೈದೆಯರು ಉಡಿ ತುಂಬಿ, ಹಾಡಿ, ನಗಿಸಿ, ಹೊಟ್ಟೆ ಬಿರಿಯುವಂತೆ ಉಣಿಸುವ ದಿನ ಅದು. ಆದರೆ ಗಂಡ ಸತ್ತವಳಿಗೆ ಕುಬಸವೇ? ಊರಿನಿಂದ ಫೋನಿನಲ್ಲಿ ಬೀಗರು "ಈಗ ಅದೆಲ್ಲಾ ಬ್ಯಾಡ ಬಿಡ್ರಿ" ಅಂದಿದ್ದರು. ಶೇಖವ್ವನ ಗಂಡ ಚನಬಸಪ್ಪ ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಮಗ ಹೋದ ಮೇಲೆ ಆತ ಯಾವುದಕ್ಕೂ ಏನೂ ಅನ್ನುವುದನ್ನೇ ಬಿಟ್ಟಿದ್ದ.

ಶೇಖವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹುಟ್ಟುವ ಕೂಸು ಯಾರ ಗಂಟು ತಿಂದಿದೆ? ಅದರ ಅವ್ವ ಏನು ತಪ್ಪು ಮಾಡಿದ್ದಾಳೆ? ಇಪ್ಪತ್ತಮೂರು ವರ್ಷದ ಹುಡುಗಿ ಬರಿಗೈಯಲ್ಲಿ ಗೋಡೆ ನೋಡುತ್ತ ಕೂತು ಹೆರಿಗೆಗೆ ಹೋದರೆ, ಆ ಬರಿಗೈಯೇ ಅವಳಿಗೆ ಇಡೀ ಜನ್ಮಕ್ಕೆ ಅಂಟಿಕೊಳ್ಳುತ್ತದೆ ಎಂದು ಶೇಖವ್ವನಿಗೆ ಭಯ. ಕುಬಸ ಆಗಲೇಬೇಕು. ಅದೂ ನಗುನಗುತ್ತ ಆಗಬೇಕು.

ಮಹಾದೇವಿಯನ್ನು ಒಪ್ಪಿಸಲು ಎಂಟು ದಿನ ಹಿಡಿಯಿತು. ಒಂದು ಬೆಳಿಗ್ಗೆ ಇಬ್ಬರೂ ರೊಟ್ಟಿ ಬಡಿಯುತ್ತಿದ್ದರು. ಕಾರ್ಖಾನೆಯ ಕೆಲಸಕ್ಕೆ ಬಂದು ಸುತ್ತಲಿನ ರೂಮುಗಳಲ್ಲಿರುವ ಉತ್ತರ ಕರ್ನಾಟಕದ ಮಂದಿಗೆಲ್ಲ ಶೇಖವ್ವನ ಜೋಳದ ರೊಟ್ಟಿಯೇ ಆಧಾರ.

"ಅತ್ತಿ, ನೀವು ಅಷ್ಟು ಹಟ ಹಿಡದ್ರ ಮಾಡ್ರಿ" ಅಂದಳು ಮಹಾದೇವಿ, ರೊಟ್ಟಿಯಿಂದ ಕಣ್ಣೆತ್ತದೆ. "ಆದ್ರ ಒಂದು ಮಾತು. ಬಂದಾಕಿ ಒಬ್ಬಾಕಿ ನನ್ನ ಕೈ ಹಿಡಕೊಂಡು 'ಅಯ್ಯೋ ಪಾಪ' ಅಂದ್ರೂ ನಾ ಅಲ್ಲೇ ಎದ್ದು ಬಾಗಲಾ ಹಾಕ್ಕೋತೀನಿ. ಆಮ್ಯಾಲ ಯಾರ್ ಕರದ್ರೂ ಹೊರಗ ಬರೂದಿಲ್ಲ."

"ಯಾರೂ ಅನ್ನೂದಿಲ್ಲ, ನಾ ಅದೀನಿ" ಎಂದಳು ಶೇಖವ್ವ. ಧೈರ್ಯವಾಗಿಯೇ ಹೇಳಿದಳು. ಆದರೆ ಅಯ್ಯೋ ಅನ್ನದ ಮುತ್ತೈದೆಯರನ್ನು ಎಲ್ಲಿಂದ ತರುವುದು?

ತರುವುದಿರಲಿ, ಬರುವವರೇ ಇಲ್ಲವೆಂದು ಎರಡೇ ದಿನದಲ್ಲಿ ಗೊತ್ತಾಯಿತು. ಎದುರು ರೂಮಿನವಳಿಗೆ ಅದೇ ದಿನ ಉಪವಾಸ. ಪಕ್ಕದ ರೂಮಿನವಳಿಗೆ ಭಾನುವಾರ ಕೂಡ ಗಾರ್ಮೆಂಟ್ಸ್‌ನಲ್ಲಿ ಓಟಿ. ಇನ್ನೊಬ್ಬಳು ಗಂಡನನ್ನು ಕೇಳಿ ಹೇಳುತ್ತೇನೆಂದು ಹೋದವಳು ಮತ್ತೆ ರೊಟ್ಟಿಗೂ ಬರಲಿಲ್ಲ. ಮನೆಯ ಮಾಲೀಕಳು ಲಕ್ಷ್ಮಮ್ಮ ಒಳ್ಳೆಯ ಹೆಂಗಸು. ರಾಗಿ ಬೆಳೆಯುತ್ತಿದ್ದ ಜಮೀನಿನ ಮೇಲೆ ಎಂಟು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟವಳು. ಅವಳೂ ಸೆರಗಿನ ಅಂಚು ತಿರುವುತ್ತ ನಿಂತಳು.

"ಟೆರೇಸ್ ಬೇಕಾದ್ರೆ ತಗಾ ಶೇಖವ್ವ, ಶಾಮಿಯಾನನೂ ನಾನೇ ಆಕುಸ್ತೀನಿ. ಆದ್ರೆ ಉಡಿ ತುಂಬಾಕೆ ಮಾತ್ರ ನನ್ನ ಕರೀಬ್ಯಾಡ. ನಮ್ಮ ಸೊಸೇನೂ ಬಸ್ರಿ ಅವ್ಳೆ. ಎಂಗೋ ಏನೋ, ನಂಗೆ ಎದ್ರಿಕೆ ಕಣಮ್ಮ."

ಇನ್ನೊಬ್ಬರ ಮನೆಯ ವಿಷಯವಾಗಿದ್ದರೆ ತಾನೂ ಹೀಗೇ ಸೆರಗು ತಿರುವುತ್ತ ನಿಲ್ಲುತ್ತಿದ್ದೆ ಅನ್ನುವುದು ಶೇಖವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಹತ್ತಕ್ಕೆ ನೀಲಪ್ಪ ಬಂದರು. ಸ್ಟಾರ್ಟರ್ ನೋಡಿದರು, ಬಿಗಿ ಮಾಡಿದರು, ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡರು. "ಇದು ಪದೇ ಪದೇ ಯಾಕೆ ಲೂಸ್ ಆಗುತ್ತೋ" ಅಂದರು. ಒಳಗೆ ಮಹಾದೇವಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂದು ಶೇಖವ್ವನಿಗೆ ತಿಳಿಯಿತು. ಅದೇ ನಗು ಅವಳಿಗೆ ಬಾಯಿ ಕೊಟ್ಟಿತು.

"ಸಾಹೇಬ್ರ, ನಮ್ಮ ಸೊಸೀಗೆ ಕುಬಸ ಮಾಡೂದೈತ್ರಿ. ಅದಕ್ಕ ಐದು ಮಂದಿ ಹೆಣ್ಮಕ್ಕಳು ಬೇಕಾಗ್ಯಾರ. ನಿಮ್ಮ ಕಡಿಂದ ಯಾರರ ಬರ್ತಾರೇನ್ರಿ?"

ನೀಲಪ್ಪನವರ ಬೆನ್ನು ಇನ್ನೂ ಎರಡು ಅಂಗುಲ ನೆಟ್ಟಗಾಯಿತು. ಎರಡು ತಿಂಗಳಿಂದ ಸ್ಟಾರ್ಟರ್ ತಿರುಗಿಸುತ್ತಿದ್ದ ಮನುಷ್ಯನಿಗೆ ಕೊನೆಗೂ ಒಂದು ನಿಜವಾದ ಕೆಲಸ ಸಿಕ್ಕಿತ್ತು. ಜೇಬಿನಿಂದ ಸಣ್ಣ ಡೈರಿ ತೆಗೆದರು.

"ಐದು. ಯಾವತ್ತು?"

"ಮುಂದಿನ ಐತವಾರ."

"ಟೈಮು?"

"ಹನ್ನೊಂದಕ್ಕ ಬಂದ್ರ ಸಾಕ್ರಿ."

"ಡ್ರೆಸ್ ಏನಾದ್ರೂ ಇದೆಯಾ?"

"ಹಸರು ಸೀರಿ ಉಟ್ಕೊಂಡು ಬಂದ್ರ ಚಲೋ."

"ಹಸಿರು. ಠೀಕ್ ಹೈ. ಆಗ್ಹೋಯ್ತು ಅನ್ಕೊಳ್ಳಿ ಅಮ್ಮ."

ಮುತ್ತೈದೆಯರು ಎಂದು ಶೇಖವ್ವ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಾದರೂ ಏನು? ಕುಬಸಕ್ಕೆ ಎಂಥವರನ್ನು ಕರೆಯುತ್ತಾರೆ ಅನ್ನುವುದು ಆರು ವರ್ಷದ ಹುಡುಗಿಗೂ ಗೊತ್ತು. ಆದರೆ ನೀಲಪ್ಪ ಆರು ವರ್ಷದ ಹುಡುಗಿಯಲ್ಲ. ಮೂವತ್ತು ವರ್ಷ ಬ್ಯಾರಕ್ಕಿನಲ್ಲಿ ಗಂಡಸರ ಮಧ್ಯೆ ಮಲಗೆದ್ದವರು, ಮದುವೆಯಾಗಲು ರಜೆಯೇ ಸಿಗಲಿಲ್ಲ ಎಂದು ಹೇಳಿಕೊಂಡು ತಿರುಗುವ ಬ್ರಹ್ಮಚಾರಿ. ಅದು ಆ ಹೊತ್ತಿನಲ್ಲಿ ಶೇಖವ್ವನ ತಲೆಗೆ ಹೊಳೆಯಲಿಲ್ಲ.

ವಾರವಿಡೀ ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಆನೇಕಲ್ಲಿಗೆ ಹೋಗಿ ಹಸಿರು ಗಾಜಿನ ಬಳೆ ತಂದಳು. ಮಾದಲಿ, ಶೇಂಗಾ ಹೋಳಿಗೆ, ಕರಿಗಡುಬು, ಮೂರು ಬಗೆಯ ಬುತ್ತಿ, ಏನೂ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಸೊಸೆಗೆ ಹಸಿರು ಇಳಕಲ್ ಸೀರೆ ಉಡಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿ, ಟೆರೇಸಿನ ಶಾಮಿಯಾನದ ಕೆಳಗೆ ಮಣೆಯ ಮೇಲೆ ಕೂರಿಸಿದಳು. ಚನಬಸಪ್ಪ ಅಂಗಿ ತೊಟ್ಟು "ಡ್ಯೂಟಿ ಐತಿ" ಎಂದು ಹೊರಟ. ಅವನು ಲೋಡಿಂಗ್ ಕೆಲಸ ಮಾಡುವ ಕಾರ್ಖಾನೆಗೆ ಭಾನುವಾರ ದೊಡ್ಡ ಬೀಗ ಬೀಳುತ್ತದೆ ಎಂದು ಶೇಖವ್ವನಿಗೆ ಗೊತ್ತಿಲ್ಲದೆ ಇರಲಿಲ್ಲ. ಹೋಗಲಿ ಎಂದು ಆರತಿಯ ತಟ್ಟೆ ಜೋಡಿಸತೊಡಗಿದಳು.

ಹನ್ನೊಂದಕ್ಕೆ ಐದು ನಿಮಿಷವಿದೆ ಅನ್ನುವಾಗ ಗಲ್ಲಿಯೊಳಕ್ಕೆ ಒಂದು ಟೆಂಪೋ ಟ್ರಾವೆಲರ್ ನುಗ್ಗಿತು. ಒಳಗಿನಿಂದ ಬರುತ್ತಿದ್ದ ನಗು ರಸ್ತೆಯ ತುದಿಗೇ ಕೇಳಿಸುತ್ತಿತ್ತು. ಮೊದಲು ಬ್ಲೇಜರ್ ತೊಟ್ಟ ನೀಲಪ್ಪ ಇಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಐದು ಮಂದಿ ಹೆಂಗಸರು, ಎಲ್ಲರೂ ಹಸಿರು. ಒಬ್ಬಳದು ಮಾತ್ರ ಹಸಿರು ಚೂಡಿದಾರ.

"ಐದು ಹಾಜರ್, ಅಮ್ಮ" ಎಂದರು ನೀಲಪ್ಪ ಮೆಟ್ಟಿಲ ಬುಡದಿಂದ, ವರದಿ ಒಪ್ಪಿಸುವವರಂತೆ.

ಮುಂದೆ ಬಂದವಳು ಹೊಳೆವ್ವ, ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಗದಗ ಕಡೆಯ ಮಾತು. ಹಿಂದಿದ್ದ ಶೋಭಾರಾಣಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವಳು. ಚೂಡಿದಾರದ ಹುಡುಗಿ ಕೃಪಾ, ವೈಟ್‌ಫೀಲ್ಡಿನ ಐಟಿ ಕಂಪನಿಯವಳು. ಇನ್ನಿಬ್ಬರು ಅಕ್ಕತಂಗಿಯರಂತೆ ಕೈಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಹಿಂದೆಯೇ ಹತ್ತಿ ಬಂದ ನೀಲಪ್ಪ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಶೇಖವ್ವ ಟೆರೇಸಿನ ಬಾಗಿಲಲ್ಲಿ ಆರತಿಯ ತಟ್ಟೆ, ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಸಂತೋಷದಿಂದ ಅವಳ ಮುಖ ಅರಳಿತ್ತು.

"ಬರ್ರಿ ತಂಗೀ, ಬರ್ರಿ. ಯಜಮಾನ್ರನ್ನೂ ಕರ್ಕೊಂಡು ಬರಬೇಕಿಲ್ಲೇನು? ಊಟ ಭಾಳ ಐತಿ."

ಹೊಳೆವ್ವ ನಗುತ್ತಲೇ ಹೇಳಿದಳು: "ನಮ್ಮ ಯಜಮಾನ್ರು ಐದೂ ಮಂದಿ ನಿಮ್ಮ ಮಗನ ಕೂಡನ ಅದಾರಬೇ."

ಶೇಖವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಆ ಐದು ಹಣೆಗಳನ್ನು ನೋಡಿದಳು, ಆ ಕೈಗಳನ್ನು ನೋಡಿದಳು. ಬಟ್ಟಲಿನಲ್ಲಿ ಅದ್ದಿದ ಹೆಬ್ಬೆರಳು ಅಲ್ಲೇ ನಿಂತಿತು. ಹೊಳೆವ್ವನ ನಗು ಕೂಡ ನಿಂತಿತು.

"ಸಾಹೇಬ್ರು ನಿಮಗ ಹೇಳಿಲ್ಲೇನು?"

ಎಲ್ಲರೂ ನೀಲಪ್ಪನವರ ಕಡೆ ತಿರುಗಿದರು. ಅವರು ತಬ್ಬಿಬ್ಬಾದರು. "ಐದು ಜನ ಹೆಣ್ಮಕ್ಕಳು ಬೇಕು ಅಂದ್ರಿ. ನನ್ನ ಫೋನಲ್ಲಿರೋ ಹೆಣ್ಮಕ್ಕಳ ನಂಬರ್ ಇವೇ ಅಮ್ಮ. ಇವ್ರ ಮನೆಗಳಿಗೂ ನಾನೇ ಹೋಗ್ತಿದ್ದೆ. ತಪ್ಪಾಯ್ತಾ?"

ಎಂಥ ಪ್ರಶ್ನೆ. ತಪ್ಪಾಗಿತ್ತು. ಕುಬಸಕ್ಕೆ ಐದು ಮಂದಿ ವಿಧವೆಯರನ್ನು ಟೆಂಪೋ ಮಾಡಿಕೊಂಡು ಕರೆತಂದ ಇನ್ನೊಬ್ಬ ಗಂಡಸು ಈ ಕರ್ನಾಟಕದಲ್ಲಿ ಹುಟ್ಟಿರಲಿಕ್ಕಿಲ್ಲ.

ಹೊಳೆವ್ವ ಅನುಭವಸ್ಥೆ. ಅರೆಕ್ಷಣದಲ್ಲಿ ಎಲ್ಲ ತಿಳಿದುಕೊಂಡಳು. "ಇರ್ಲಿ ಬಿಡ್ರೆವ್ವಾ, ಗಾಬರಿ ಆಗಬ್ಯಾಡ್ರಿ. ನಾವು ಕೆಳಗ ಕುಂತು ರೊಟ್ಟಿ ಬಡದು ಕೊಡ್ತೀವಿ. ಉಡಿ ತುಂಬಾಕ ನಿಮಗ ಬೇಕಾದವರನ್ನ ಕರೀರಿ. ನಮಗೇನು ಬ್ಯಾಸರಿಲ್ಲ." ಅಷ್ಟು ಹೇಳಿ ಸೆರಗು ಸರಿಪಡಿಸಿಕೊಂಡು ಮೆಟ್ಟಿಲ ಕಡೆ ತಿರುಗಿದಳು. ಆ ತಿರುಗುವಿಕೆಯಲ್ಲಿ ಎಷ್ಟು ವರ್ಷದ ರೂಢಿಯಿತ್ತು. ಇದೇ ರೀತಿ ಅವಳು ಎಷ್ಟು ಬಾಗಿಲುಗಳಿಂದ ತಿರುಗಿದ್ದಳೋ ಏನೋ.

ಶೇಖವ್ವ ಒಳಗೆ ನೋಡಿದಳು. ಮಹಾದೇವಿ ಮಣೆಯ ಮೇಲೆ ತಲೆ ತಗ್ಗಿಸಿ, ಅಯ್ಯೋ ಎನ್ನುವ ಮಾತಿಗೆ ಕಾಯುತ್ತ ಕೂತಿದ್ದಳು. ಇವರನ್ನು ಹೊಸ್ತಿಲಲ್ಲಿ ನಿಲ್ಲಿಸಿದರೆ ಒಳಗೆ ಕೂತವಳನ್ನು ಎಲ್ಲಿ ಕೂರಿಸಲಿ ಎಂದು ಶೇಖವ್ವನ ಮನಸ್ಸು ಕೇಳಿತು. ಇವರು ಐದು ಮಂದಿ, ಅವಳು ಆರನೆಯವಳು. ಇವರು ಶುಭಕ್ಕೆ ಬಾರದವರಾದರೆ ಅವಳೂ ಬಾರದವಳೇ. ಇಷ್ಟು ದಿನ ಊರೆಲ್ಲ ತನಗೆ ಹೇಳಿದ ಮಾತನ್ನೇ ಈಗ ತಾನು ಇವರಿಗೆ ಹೇಳಲು ನಿಂತಿದ್ದೇನೆ. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ಏ ಹೊಳೆವ್ವಾ, ಎಲ್ಲಿಗೆ ಹೊಂಟಿ? ಆರತಿ ಹಿಡಕೊಂಡು ನನ್ನ ಕೈ ಸೋತೈತಿ" ಎಂದಳು. ಬಟ್ಟಲಿನ ಹೆಬ್ಬೆರಳನ್ನು ಎತ್ತಿ, ತಿರುಗಿ ನಿಂತವಳ ಹಣೆಗೆ ಒತ್ತಿ ಕುಂಕುಮ ಹಚ್ಚಿದಳು. ಸಣ್ಣ ಬೊಟ್ಟಲ್ಲ, ರೂಪಾಯಿ ಅಗಲದ್ದು. ಕಾರ್ಗಿಲ್ ಯುದ್ಧದ ವರ್ಷದಿಂದ ಖಾಲಿಯಿದ್ದ ಹಣೆ ಅದು. ಹೊಳೆವ್ವ ಕಣ್ಣು ಮುಚ್ಚಿಕೊಂಡು ನಿಂತಳು. ಆಮೇಲೆ ಶೇಖವ್ವ ಉಳಿದ ನಾಲ್ವರಿಗೂ ಹಚ್ಚಿ, ಅದೇ ಹುಮ್ಮಸ್ಸಿನಲ್ಲಿ ಐದಡಿ ದೂರದಲ್ಲಿ ಪೆಚ್ಚಾಗಿ ನಿಂತಿದ್ದ ಸುಬೇದಾರರ ಹಣೆಗೂ ಒಂದು ಎಳೆದಳು.

ಮಹಾದೇವಿಯ ಮುಂದೆ ಹೊಳೆವ್ವ ಕಾಲು ಮಡಚಿ ಕೂತು ಅವಳ ಕೈ ಹಿಡಿದುಕೊಂಡಳು. ಶೇಖವ್ವ ಉಸಿರು ಬಿಗಿಹಿಡಿದಳು.

"ಎವ್ವಾ, ಎಷ್ಟು ಬಿರಸು ಕೈ ಇವು. ರೊಟ್ಟಿ ಬಡದು ಬಡದು ಹಲಗಿ ಆಗ್ಯಾವು. ಬಳಿ ಏರೂದಿಲ್ಲ ಇದಕ್ಕ. ಯಾರರ ಒಂದೀಟು ಕೊಬ್ಬರಿ ಎಣ್ಣಿ ತರ್ರಿ."

ಮಹಾದೇವಿ ತಲೆ ಎತ್ತಿದಳು. ಐದು ಮುಖಗಳನ್ನು ಒಂದೊಂದಾಗಿ ನೋಡಿದಳು. ಕೃಪಾ ಮೆಲ್ಲಗೆ, "ನಾವೂ ನಿಮ್ಮ ಥರಾನೇ" ಅಂದಳು. ಯಾರ ಕಣ್ಣಿನಲ್ಲೂ ಕನಿಕರವಿರಲಿಲ್ಲ. ಎಣ್ಣೆ ಬಂತು, ಬಳೆ ಬಂತು. ಮಹಾದೇವಿ ಎರಡೂ ಕೈ ಮುಂದೆ ಚಾಚಿದಳು. ನಾಲ್ಕು ತಿಂಗಳಿಂದ ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟುಕೊಂಡಿದ್ದ ಕೈಗಳವು. ಶೇಖವ್ವನ ಎದೆಯ ಮೇಲಿಂದ ಒಂದು ಮಣಭಾರ ಇಳಿಯಿತು.

ಆಮೇಲಿನ ಗದ್ದಲ ಕೇಳಬೇಡಿ. "ನಂಗೂ ಹಾಕಿ ಆಂಟಿ, ನಾಳೆ ಆಫೀಸಿಗೆ ಹಾಕ್ಕೊಂಡೇ ಹೋಗ್ತೀನಿ" ಎಂದು ಕೃಪಾ ಕೈ ಒಡ್ಡಿದಳು. ಶೋಭಾರಾಣಿ ತನಗೆ ಯಂತ್ರದ ಕೆಲಸ, ಗಾಜಿನ ಬಳೆ ಆಗದು ಎನ್ನುತ್ತಲೇ ಎಡಗೈಗೆ ಆರು ಇಡಿಸಿಕೊಂಡಳು. ಆನೇಕಲ್ಲಿನಿಂದ ತಂದ ಬಳೆ ಸಾಲದೆ ಹೋಯಿತು. ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಬಿದ್ದವು. ಹೊಳೆವ್ವ ಹಾಡು ಎತ್ತಿದರೆ ಮೂರು ಕಟ್ಟಡದಾಚೆಗೂ ಕೇಳಿಸಿತು. ಅಕ್ಕಪಕ್ಕದ ಟೆರೇಸುಗಳಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ಹೆಂಗಸರು ತುಂಬಿದರು. ಉಪವಾಸದವಳೂ ಅಲ್ಲಿದ್ದಳು. ಲಕ್ಷ್ಮಮ್ಮನ ಬಸುರಿ ಸೊಸೆ, ಅತ್ತೆಯನ್ನು ಕೇಳದೆ ಮೆಟ್ಟಿಲು ಹತ್ತಿ ಬಂದು ಮಹಾದೇವಿಯ ಪಕ್ಕದಲ್ಲಿ ಕೂತು ಕೈ ಚಾಚಿಬಿಟ್ಟಳು. ಅವಳನ್ನು ಎಳೆದೊಯ್ಯಲು ಧಾವಿಸಿ ಬಂದ ಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದಳು, ನಿಟ್ಟುಸಿರು ಬಿಟ್ಟಳು. "ಓಗ್ಲಿ, ನಂದೂ ಒಂದು ಇಡಿ ಅಕ್ಕಿ ಆಕುಸ್ಕೊ" ಎಂದು ಮಹಾದೇವಿಯ ಉಡಿಗೆ ಅಕ್ಕಿ ಸುರಿದಳು.

ಊಟಕ್ಕೆ ಮುಂಚೆ ಒಂದು ಕೊನೆಯ ಶಾಸ್ತ್ರ ಉಳಿದಿತ್ತು. ಕುಬಸದ ದಿನ ಹೆಂಗಸರು ಗಂಡನ ಹೆಸರು ಹೇಳಬೇಕು. ಸುಮ್ಮನೆ ಹೇಳುವಂತಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ಎಲ್ಲರನ್ನೂ ನಗಿಸುವಂತೆ ಹೇಳಬೇಕು. ಶೇಖವ್ವ ಇದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದಳು. ಹೊಳೆವ್ವ ಬಿಡುವವಳೇ? ಸೊಂಟದ ಮೇಲೆ ಕೈಯಿಟ್ಟು ತಾನೇ ಮೊದಲು ಮಾಡಿದಳು.

"ಹತ್ತರ ಬಸ್ಸಿಗೆ ಎಂಟಕ್ಕ ಹೋಗಿ ಚೀಲಾ ಹಿಡದು ನಿಂತಾವ,
ಯಂಕಪ್ಪ, ಊಟಕ್ಕೂ ಹಂಗ, ಕರಿಯೂಕಿಂತ ಮೊದಲ ಬಂದು ಕುಂತಾವ."

ಟೆರೇಸು ನಕ್ಕಿತು. ಕೃಪಾಗೆ ಒಡಪು ಅಂದರೆ ಏನೆಂದೇ ಗೊತ್ತಿರಲಿಲ್ಲ. ತುಸು ಯೋಚಿಸಿ ಬೆರಳಲ್ಲಿ ತಾಳ ಹಾಕಿಕೊಂಡು ಹೇಳಿದಳು:

"ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋಕೆ ಅರ್ಧ ಆಯಸ್ಸು ಬೇಕಲ್ಲ,
ಹರ್ಷವರ್ಧನ್ ಮ್ಯಾಪ್ ಹಿಡಿದು ಹೊರಟ್ರೆ ಮನೇನೇ ಸಿಗ್ತಿರ್ಲಿಲ್ಲ."

"ನಮ್ಮ ಪಲ್ಟನ್ ಹುಡುಗನೇ ಅವ್ನು, ನಿಜವಾಗ್ಲೂ ಹಂಗೇ" ಎಂದು ನೀಲಪ್ಪ ಮೂಲೆಯಿಂದ ಸಾಕ್ಷಿ ಹೇಳಿದರು. ಶೋಭಾರಾಣಿ ಹೇಳಿದಳು, ಉಳಿದ ಇಬ್ಬರೂ ಹೇಳಿದರು. ಸತ್ತವರೆಲ್ಲ ಒಬ್ಬೊಬ್ಬರಾಗಿ ತಮ್ಮ ಗೊರಕೆ, ಸಿಟ್ಟು, ಮರೆವು ಎಲ್ಲವನ್ನೂ ಹೊತ್ತುಕೊಂಡು ಆ ಶಾಮಿಯಾನದ ಕೆಳಗೆ ಬಂದು ಹೋದರು. ಕೊನೆಗೆ ಎಲ್ಲರ ಕಣ್ಣೂ ಮಹಾದೇವಿಯ ಮೇಲೆ ಬಿದ್ದವು. ಯಾರೂ ಒತ್ತಾಯಿಸಲಿಲ್ಲ.

ಶೇಖವ್ವ ಆಗ ಮೆಟ್ಟಿಲ ಕಡೆ ನೋಡಿದಳು. ಚನಬಸಪ್ಪ ಅಲ್ಲಿ ನಿಂತಿದ್ದ. ಕೈಯಲ್ಲೊಂದು ಬಾಳೆಹಣ್ಣಿನ ಗೊನೆ. ಯಾವಾಗ ಬಂದನೋ, ಎಷ್ಟು ಹೊತ್ತಿನಿಂದ ನಿಂತಿದ್ದನೋ ಯಾರಿಗೂ ತಿಳಿದಿರಲಿಲ್ಲ.

ಮಹಾದೇವಿ ಬಳೆಗಳನ್ನು ಒಮ್ಮೆ ಮೊಣಕೈವರೆಗೆ ಸರಿಸಿದಳು. ತುಟಿಯ ತುದಿಯಲ್ಲಿ ತುಂಟತನ ಇಣುಕಿತು.

"ಹಿಮದ ಗುಡ್ಡಾ ಏರಿ ಫೋನಿನ್ಯಾಗ ಕೇಳ್ತಿದ್ದ, ಇವತ್ತೇನ್ ಪಲ್ಯಾ ಅಂತ,
ಬದನಿಕಾಯಿ ಅಂದ್ಕೂಡ್ಲೆ ಹೇಳ್ತಿದ್ದ ಸಿದ್ರಾಮ, ನೆಟ್‌ವರ್ಕ್ ಹೋತು ಅಂತ."

ಮೊದಲು ನಕ್ಕವಳು ಶೇಖವ್ವ. ಬದನೆಕಾಯಿ ಕಂಡರೆ ತಟ್ಟೆ ಬಿಟ್ಟು ಓಡುತ್ತಿದ್ದ ಹುಡುಗ ಕಣ್ಣ ಮುಂದೆ ಬಂದ. ಹಾರ ಹಾಕಿದ ಫೋಟೋದ ವೀರನಲ್ಲ, ಅವಳು ಹೆತ್ತ ಅವಳ ಮಗ. ನಗುತ್ತ ನಗುತ್ತ ಅವಳ ಕಣ್ಣಿನಿಂದ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಇಡೀ ಗಲ್ಲಿಗೇ ಕೇಳಿಸುವಂತೆ ಎಲ್ಲರೂ ನಗುತ್ತಿದ್ದರು. ಆ ಗದ್ದಲದ ನಡುವೆ ಮೆಟ್ಟಿಲಿನಿಂದ ಒಂದು ದನಿ ಬಂತು. ನಾಲ್ಕು ತಿಂಗಳಿಂದ ಹ್ಞೂಂ, ಡ್ಯೂಟಿ ಐತಿ ಎನ್ನುವುದನ್ನು ಬಿಟ್ಟು ಬೇರೆ ಮಾತಾಡದ ದನಿ.

"ಇನ್ನೊಮ್ಮೆ ಹೇಳವಾ" ಎಂದ ಚನಬಸಪ್ಪ. "ನನಗ ಕೇಳಸ್ಲಿಲ್ಲ."

ಮಹಾದೇವಿ ಮಾವನ ಮುಖ ನೋಡಿದಳು. ಈ ಸಲ ಎದ್ದು ನಿಂತು, ಇನ್ನೂ ಗಟ್ಟಿಯಾಗಿ ಹೇಳಿದಳು.